ಒಬ್ಬರೇ ನಿಂತು ನಗಿಸುವ ಕೆಲಸ



ಸವದತ್ತಿಯಲ್ಲಿ ದ್ವಿತೀಯ ಪಿ.ಯು.ಸಿ. ಓದುತ್ತಿರುವ ಹುಡುಗನೊಬ್ಬ ನಮ್ಮ ಕಾರ್ಯಕ್ರಮಕ್ಕೆ ಪತ್ರ ಬರೆದಿದ್ದಾನೆ. ಹೆಸರು ಬೇಡ; ಪತ್ರದ ಮುಖ್ಯ ಭಾಗ ಇಷ್ಟು: "ಸರ್, ನನಗ ಮಂದೀನ ನಗಸಾಕ ಬರತೈತ್ರಿ. ಸಾಲಿ ಗ್ಯಾದರಿಂಗಿನ್ಯಾಗ ದರಾ ವರ್ಷ ನನ್ನ ನಿಂದರಸ್ತಾರ. ಇದನ್ನ ಉದ್ಯೋಗ ಮಾಡ್ಕೊಂಡು ಹೊಟ್ಟಿ ತುಂಬಸ್ಕೋಬಹುದೇನ್ರಿ? ನಮ್ಮಪ್ಪಾರು ಐ.ಟಿ.ಐ. ಸೇರು ಅಂತಾರ."

ಇಂಥ ಪತ್ರಕ್ಕೆ ಎರಡು ಸುಲಭದ ಉತ್ತರಗಳಿವೆ. ಪ್ರತಿಭೆ ಇದ್ದರೆ ಎಲ್ಲವೂ ಸಾಧ್ಯ ಎನ್ನುವುದು ಒಂದು. ಮೊದಲು ಓದು ಮುಗಿಸು ಎನ್ನುವುದು ಇನ್ನೊಂದು. ಎರಡನ್ನೂ ಅವನು ಆಗಲೇ ಸಾಕಷ್ಟು ಸಲ ಕೇಳಿರುತ್ತಾನೆ. ಆದ್ದರಿಂದ ನಗಿಸುವ ಕೆಲಸ ಹೇಗೆ ನಡೆಯುತ್ತದೆ, ಅದರಲ್ಲಿ ಸವೆಯುವುದು ಯಾವುದು, ಉಳಿಯುವುದು ಯಾವುದು ಎಂಬುದನ್ನು ನಿಮ್ಮೆಲ್ಲರ ಮುಂದೆ ಇಡುವುದು ಮೇಲು ಎನಿಸಿತು. ತೀರ್ಮಾನವನ್ನು ಅವನೂ ಅವನ ತಂದೆಯೂ ಕೂಡಿ ಮಾಡಲಿ.

ಮೊದಲು ಹೆಸರಿನ ವಿಚಾರ. ಇಂದು ದೊಡ್ಡ ಊರುಗಳಲ್ಲಿ ಇದಕ್ಕೆ ಸ್ಟ್ಯಾಂಡ್-ಅಪ್ ಕಾಮಿಡಿ ಎನ್ನುತ್ತಾರೆ. ವೇಷವಿಲ್ಲ, ಪರದೆಯಿಲ್ಲ, ಜೊತೆಗಾರರಿಲ್ಲ. ಒಂದು ಮೈಕು, ಅದರ ಮುಂದೆ ಒಬ್ಬ ಮನುಷ್ಯ. ಬೆಂಗಳೂರಿನಲ್ಲಿ ಲೋಲ್‌ಬಾಗ್ ಎಂಬ ಗೆಳೆಯರ ತಂಡ ಕನ್ನಡದಲ್ಲೇ ಇದನ್ನು ಮಾಡಿ ಹೆಸರಾಗಿದೆ. ಆದರೆ ನಮ್ಮ ಕಡೆ ಹಾಸ್ಯ ಭಾಷಣ, ನಗೆಹಬ್ಬ, ಹಾಸ್ಯ ಸಂಜೆ ಎಂಬ ಹೆಸರುಗಳಲ್ಲಿ ಇದು ಬಹಳ ಮೊದಲಿನಿಂದಲೂ ನಡೆದು ಬಂದಿದೆ. ಅದಕ್ಕೂ ಹಿಂದೆ ಕೀರ್ತನಕಾರರಿದ್ದರು. ಕೈಯಲ್ಲಿ ತಾಳ ಹಿಡಿದು, ದೇವರ ಕಥೆಯ ನಡುವೆ ಉಪಕಥೆ ತಂದು, ಜನ ತೂಕಡಿಸುವ ಹೊತ್ತಿಗೆ ಸರಿಯಾಗಿ ನಗಿಸುತ್ತಿದ್ದವರು ಅವರು. ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣ ರಂಗಕ್ಕೆ ಹೊಂದಿಸಿದ ಶ್ರೀಕೃಷ್ಣ ಪಾರಿಜಾತವನ್ನು ರಾಮದುರ್ಗದ ಕಡೆಯ ನಿಮ್ಮ ಅಜ್ಜಂದಿರು ರಾತ್ರಿಯಿಡೀ ಕುಳಿತು ನೋಡಿರುತ್ತಾರೆ. ಅದರಲ್ಲಿ ಭಾಗವತನಿಗೂ ದೂತಿಗೂ ನಡೆಯುವ ಮಾತಿನ ಜಟಾಪಟಿ ಬಹುಮಟ್ಟಿಗೆ ಬರೆದದ್ದಲ್ಲ. ಆ ಊರಿನ ಆ ದಿನದ ಸುದ್ದಿಯನ್ನು ಆ ಹೊತ್ತಿಗೇ ಸೇರಿಸಿಕೊಂಡು ಆಡಿದ ಮಾತು. ಬೈಲಹೊಂಗಲದ ಸೀಮೆಯಲ್ಲಿ ನಡೆದ ಘಟನೆಯೆಂದು ಹೇಳುವ ಸಂಗ್ಯಾ ಬಾಳ್ಯಾದಲ್ಲೂ ಅಷ್ಟೇ. ಕೊಲೆಯಲ್ಲಿ ಮುಗಿಯುವ ಕಥೆ, ಆದರೂ ನಡುನಡುವೆ ಜನ ಹೊಟ್ಟೆ ಹಿಡಿದು ನಗುತ್ತಾರೆ.

ಬರೆದದ್ದು, ಹೇಳಿದ್ದು, ಕೇಳಿಸಿದ್ದು

ಈ ಕೆಲಸದಲ್ಲಿ ನೆಲೆ ನಿಂತವರನ್ನು ನೋಡಿದರೆ ಅವರು ಮೂರು ಕೆಲಸಗಳನ್ನು ಒಟ್ಟಿಗೆ ಮಾಡಿದ್ದು ಕಾಣುತ್ತದೆ: ಬರೆಯುವುದು, ಜನರ ಮುಂದೆ ನಿಂತು ಹೇಳುವುದು, ಧ್ವನಿಯನ್ನು ದೂರದವರಿಗೆ ಮುಟ್ಟಿಸುವುದು. ಒಬ್ಬರೇ ಮೂರನ್ನೂ ಮಾಡಿರಬೇಕೆಂದಿಲ್ಲ. ಒಬ್ಬರು ಬರೆದಿಟ್ಟದ್ದನ್ನು ಇನ್ನೊಂದು ತಲೆಮಾರಿನವರು ನಾಲಿಗೆಗೆ ತಂದದ್ದೂ ಉಂಟು.

ಬೀಚಿಯವರನ್ನೇ ತೆಗೆದುಕೊಳ್ಳಿ. ರಾಯಸಂ ಭೀಮಸೇನರಾವ್ ಅವರ ಹೆಸರು. 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿ 1980ರಲ್ಲಿ ತೀರಿಕೊಂಡರು. ಪೊಲೀಸ್ ಇಲಾಖೆಯ ಕಚೇರಿಯಲ್ಲಿ ನೌಕರಿ. ಕನ್ನಡ ಪುಸ್ತಕಗಳ ಕಡೆ ಅಷ್ಟೇನೂ ಒಲವಿಲ್ಲದಿದ್ದ ಮನುಷ್ಯ ಅನಕೃ ಅವರ 'ಸಂಧ್ಯಾರಾಗ' ಓದಿದ ಮೇಲೆ ಕನ್ನಡಕ್ಕೆ ತಿರುಗಿದರು. ಸಹಿಯಲ್ಲೂ ಒಂದು ಕಿತಾಪತಿ: 'ಬೀ' ಕನ್ನಡ ಅಕ್ಷರ, 'ಚಿ' ಇಂಗ್ಲಿಷ್ ಅಕ್ಷರಗಳಲ್ಲಿ. ಹುಬ್ಬಳ್ಳಿಯ ವಿಶಾಲ ಕರ್ನಾಟಕ ಪತ್ರಿಕೆಯಲ್ಲಿ ಬೇವಿನಕಟ್ಟೆ ತಿಂಮ ಎಂಬ ಹೆಸರಿನಲ್ಲಿ ಅಂಕಣ ಬರೆದರು. ಮುಂದೆ ಸುಧಾ ವಾರಪತ್ರಿಕೆಯಲ್ಲಿ ಓದುಗರ ಪ್ರಶ್ನೆಗಳಿಗೆ ಚುಟುಕಾಗಿ ಉತ್ತರ ಕೊಟ್ಟರು. ಆತ್ಮಕಥೆಗೆ 'ನನ್ನ ಭಯಾಗ್ರಫಿ' ಎಂದು ಹೆಸರಿಟ್ಟರು. ಅವರು ಹುಟ್ಟಿಸಿದ ತಿಂಮ ಎಂಬ ಪಾತ್ರ ಅವರಿಗಿಂತ ಹೆಚ್ಚು ಬಾಳುತ್ತಿದೆ. ಶಾಲೆಯ ಮಕ್ಕಳು ಇಂದಿಗೂ ತಿಂಮನ ಜೋಕು ಹೇಳುತ್ತಾರೆ. ಎಷ್ಟೋ ಮಂದಿಗೆ ಅದು ಬೀಚಿಯವರದು ಎಂಬುದೇ ಗೊತ್ತಿರುವುದಿಲ್ಲ.

ಆ ತಿಂಮನನ್ನು ಪುಸ್ತಕದಿಂದ ವೇದಿಕೆಗೆ ಕರೆತಂದವರಲ್ಲಿ ಗಂಗಾವತಿ ಪ್ರಾಣೇಶ್ ಮುಖ್ಯರು. ಬೀಚಿಯವರ ಓದಿನಿಂದಲೇ ತಾವು ರೂಪುಗೊಂಡದ್ದೆಂದು ಅವರು ಕಾರ್ಯಕ್ರಮಗಳಲ್ಲಿ ಮತ್ತೆ ಮತ್ತೆ ಹೇಳಿದ್ದಾರೆ. ಜನ ಅವರನ್ನು ಅಭಿನವ ಬೀಚಿ ಎಂದೂ ಕರೆದರು. ಹಳ್ಳಿಯ ಜಾತ್ರೆಯಿಂದ ಹಿಡಿದು ವಿದೇಶದ ಕನ್ನಡ ಸಂಘಗಳವರೆಗೆ ಅವರ ಮಾತು ಹೋಯಿತು. ಬಸವರಾಜ ಮಹಾಮನಿ, ನರಸಿಂಹ ಜೋಶಿ ಅವರೂ ಇದೇ ದಾರಿಯವರು. ಮೈಸೂರಿನ ಪ್ರೊ. ಎಂ. ಕೃಷ್ಣೇಗೌಡ, ರಿಚರ್ಡ್ ಲೂಯಿಸ್, ಸುಧಾ ಬರಗೂರು, ಇಂದುಮತಿ ಸಾಲಿಮಠ ಇವರನ್ನು ನೀವು ಟಿ.ವಿ.ಯಲ್ಲಿ ಕಂಡಿದ್ದೀರಿ. ಈ ಪಟ್ಟಿ ಬೆಳೆಸುವುದು ಬೇಡ. ಅವರ ಮಾತಿನ ಹಿಂದೆ ಎಷ್ಟು ಓದು ಇದೆ ಎಂಬುದನ್ನು ಮಾತ್ರ ಗಮನಿಸಿ. ಕೃಷ್ಣೇಗೌಡರು ಕನ್ನಡ ಪ್ರಾಧ್ಯಾಪಕರಾಗಿದ್ದವರು. ಕುಮಾರವ್ಯಾಸನಿಂದ ಹಿಡಿದು ಡಿ.ವಿ.ಜಿ.ಯವರೆಗೆ ಅವರ ಜೋಳಿಗೆಯಲ್ಲಿದೆ.

ಬೆಳಗಾವಿಗೆ ಇನ್ನೂ ಹತ್ತಿರದ ಒಂದು ಉದಾಹರಣೆ ಹೇಳುತ್ತೇನೆ. ಅವರು ಮರಾಠಿಯವರು, ಪು. ಲ. ದೇಶಪಾಂಡೆ. 1919ರಲ್ಲಿ ಹುಟ್ಟಿ 2000ದಲ್ಲಿ ತೀರಿಕೊಂಡರು. ಬೆಳಗಾವಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಕೆಲವು ಕಾಲ ಪಾಠ ಹೇಳಿದರು. ಆಮೇಲೆ ಆಕಾಶವಾಣಿ, ದೂರದರ್ಶನ. ದೂರದರ್ಶನದ ಮೊದಲ ದಿನಗಳಲ್ಲಿ ನೆಹರೂ ಅವರನ್ನು ಸಂದರ್ಶಿಸಿದವರು ಅವರೇ, ಅಂದರೆ ನಮ್ಮ ವೃತ್ತಿಯ ಹಿರಿಯಣ್ಣ. 1960ರ ದಶಕದಲ್ಲಿ 'ಬಟಾಟ್ಯಾಚಿ ಚಾಳ' ಎಂಬ ತಮ್ಮ ಪುಸ್ತಕವನ್ನು ಒಬ್ಬರೇ ರಂಗದ ಮೇಲೆ ಆಡಿದರು. ಮುಂಬಯಿಯ ಒಂದು ವಠಾರದ ಅಷ್ಟೂ ಜನ, ಗಂಡಸರು, ಹೆಂಗಸರು, ಮುದುಕರು, ಎಲ್ಲರೂ ಅವರೊಬ್ಬರೇ. ಬರಹಗಾರ, ಒಂಟಿ ನಟ, ರೇಡಿಯೋ ಧ್ವನಿ ಮೂರೂ ಒಬ್ಬರಲ್ಲೇ ಕೂಡಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಅವರ 'ರಾವ್‌ಸಾಹೇಬ' ಎಂಬ ಬರಹದ ನಾಯಕ ಬೆಳಗಾವಿಯ ಕೃಷ್ಣರಾವ್ ಹರಿಹರ. ಚಿತ್ರಮಂದಿರದ ಮಾಲೀಕರು, ಸಂಗೀತದ ಹುಚ್ಚಿನವರು, ಕನ್ನಡದ ಧಾಟಿಯಲ್ಲಿ ಮರಾಠಿ ಆಡುವವರು. ಆ ಮಾತು ಏಕೆ ನಗು ತರಿಸುತ್ತದೆ ಎಂಬುದಕ್ಕೆ ವ್ಯಾಕರಣದ ಕಾರಣವಿದೆ. ಕನ್ನಡದಲ್ಲಿ ಮನೆ, ಬಾಗಿಲು, ಖುರ್ಚಿ ಎಲ್ಲವೂ 'ಅದು'. ಮರಾಠಿಯಲ್ಲಿ ಖುರ್ಚಿ ಹೆಣ್ಣು, ದರವಾಜಾ ಗಂಡು, ಘರ ನಪುಂಸಕ. ಕನ್ನಡದ ತಲೆ ಮರಾಠಿ ಆಡುವಾಗ ಖುರ್ಚಿಗಳೆಲ್ಲ ಲಿಂಗ ಬದಲಿಸುತ್ತವೆ. ದೇಶಪಾಂಡೆಯವರು ಈ ತಪ್ಪನ್ನು ಹಾಗೆಯೇ ದಾಖಲಿಸಿದರು. ಆದರೆ ಕೇಳಿದವರಿಗೆ ಆ ಮನುಷ್ಯ ಸಣ್ಣವನಾಗಿ ಕಾಣುವುದಿಲ್ಲ. ಅವರ ದೊಡ್ಡ ಮನಸ್ಸು, ಬೈಗುಳ, ಹಾಡಿನ ಮೋಹ ಎಲ್ಲ ಕೂಡಿ ಒಬ್ಬ ಇಡೀ ಮನುಷ್ಯ ಎದ್ದು ನಿಲ್ಲುತ್ತಾನೆ. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ನಗು ಹಿಂದಿರುಗಲು ಹಿಡಿಯುವ ಹೊತ್ತು

ನಾನು ಓದಿದ್ದು ವಿಜ್ಞಾನ. ಆದ್ದರಿಂದ ಸ್ವಲ್ಪ ಭೌತಶಾಸ್ತ್ರ ಹೇಳದೆ ಬಿಡಲಾರೆ.

ರಾಣಿ ಚೆನ್ನಮ್ಮನ ಸೈನ್ಯ 1824ರ ಅಕ್ಟೋಬರ್ 23ರಂದು ಗೆದ್ದ ನೆನಪಿಗೆ ಪ್ರತಿ ವರ್ಷ ಕಿತ್ತೂರು ಉತ್ಸವ ನಡೆಯುತ್ತದೆ. ಅಂಥದೊಂದು ಮೈದಾನದಲ್ಲಿ ರಾತ್ರಿ ಹಾಸ್ಯ ಕಾರ್ಯಕ್ರಮ ನಡೆದಿದೆ, ನೀವು ವೇದಿಕೆಯಿಂದ ನೂರು ಮೀಟರ್ ಹಿಂದೆ ಕುಳಿತಿದ್ದೀರಿ ಎಂದುಕೊಳ್ಳಿ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 345 ಮೀಟರ್. ವೇದಿಕೆಯ ಪಕ್ಕದ ಸ್ಪೀಕರಿನಿಂದ ಹೊರಟ ಮಾತು ನಿಮ್ಮನ್ನು ಮುಟ್ಟಲು 0.29 ಸೆಕೆಂಡ್ ಬೇಕು. ನಿಮ್ಮ ನಗು ಮರಳಿ ವೇದಿಕೆಗೆ ಹೋಗಲು ಇನ್ನೊಂದು 0.29. ನೀವು ಅರ್ಥ ಮಾಡಿಕೊಳ್ಳುವ ಹೊತ್ತನ್ನು ಬಿಟ್ಟರೂ ಸುಮಾರು 0.6 ಸೆಕೆಂಡ್ ಆಯಿತು. ಹತ್ತು ಮೀಟರ್ ಉದ್ದದ ಕೋಣೆಯಲ್ಲಿ ಇದೇ ಲೆಕ್ಕ 0.06 ಸೆಕೆಂಡ್ ಮಾತ್ರ. ಕಾಲೇಜಿನ ಕೋಣೆಯಲ್ಲಿ ಗೆಳೆಯರನ್ನು ಉರುಳಾಡಿಸಿ ನಗಿಸಿದ ಹುಡುಗ ಮೈದಾನದಲ್ಲಿ ಸೋಲುವುದಕ್ಕೆ ಇದೂ ಒಂದು ಕಾರಣ. ಮುಂದಿನ ಸಾಲಿನವರು ನಕ್ಕು ಮುಗಿಸಿದರೆಂದು ಅವನು ಮುಂದಿನ ಮಾತಿಗೆ ಹೋಗಿಬಿಡುತ್ತಾನೆ. ಹಿಂದಿನವರ ನಗು ಆ ಹೊಸ ಮಾತಿನ ಮೇಲೆ ಬಿದ್ದು ಅದನ್ನು ಮುಚ್ಚಿಹಾಕುತ್ತದೆ. ಪಳಗಿದವರು ಆಗ ಏನು ಮಾಡುತ್ತಾರೆ ನೋಡಿ: ನೀರು ಕುಡಿಯುತ್ತಾರೆ, ಕನ್ನಡಕ ಒರೆಸುತ್ತಾರೆ, ಶಾಲು ಸರಿ ಮಾಡಿಕೊಳ್ಳುತ್ತಾರೆ. ಅದು ನೀರಡಿಕೆಯಲ್ಲ.

ಇನ್ನೊಂದು ತೊಡಕು ಸ್ಪೀಕರುಗಳದು. ಒಂದೇ ಮಾತು ಎರಡು ಸ್ಪೀಕರುಗಳಿಂದ ಬಂದು, ಎರಡರ ನಡುವಿನ ಅಂತರ ಸುಮಾರು 50 ಮಿಲಿಸೆಕೆಂಡ್ ಒಳಗಿದ್ದರೆ ನಮ್ಮ ಕಿವಿ ಎರಡನ್ನೂ ಒಂದೇ ಎಂದು ತಿಳಿಯುತ್ತದೆ. ಅದಕ್ಕಿಂತ ಹೆಚ್ಚಾದರೆ ಎರಡನೆಯದು ಪ್ರತಿಧ್ವನಿಯಾಗಿ ಕೇಳುತ್ತದೆ. 50 ಮಿಲಿಸೆಕೆಂಡಿನಲ್ಲಿ ಶಬ್ದ ಹೋಗುವುದು ಹದಿನೇಳು ಮೀಟರ್. ಜಾತ್ರೆಯಲ್ಲಿ ಕಂಬಕ್ಕೊಂದರಂತೆ ಹಾರ್ನ್ ಕಟ್ಟಿದಾಗ ಈ ಹದಿನೇಳು ಮೀಟರಿನ ಲೆಕ್ಕ ಯಾರೂ ಹಾಕಿರುವುದಿಲ್ಲ. ಹಾಡು ಹೇಗೋ ಸಾಗುತ್ತದೆ. ಜೋಕಿನ ಕೊನೆಯ ಶಬ್ದ ಎರಡು ಸಲ ಕೇಳಿದರೆ ಅಲ್ಲಿಗೆ ಅದು ಮುಗಿಯಿತು.

ಕೊನೆಯ ಶಬ್ದದ ಮಾತು ಬಂದದ್ದರಿಂದ ಹೇಳುತ್ತೇನೆ. ಒಮ್ಮೆ ಸವದತ್ತಿಯಿಂದ ರಾಮದುರ್ಗದ ಕಡೆ ಹೊರಟಿದ್ದ ಬಸ್ಸಿನ ಬಾಗಿಲಲ್ಲಿ ಒಬ್ಬ ಹಿರಿಯರು ಕಂಡಕ್ಟರನನ್ನು ಕೇಳಿದರು: "ರಾಮದುರ್ಗಕ್ಕ ಹೊಕ್ಕೈತೇನ್ರಿ?" ಕಂಡಕ್ಟರ್ ತಲೆ ಎತ್ತದೆ ಅಂದ: "ಬೋರ್ಡ್ ಅಂತೂ ಹೊಕ್ಕೈತ್ರಿ ಯಜಮಾನ್ರ. ಬಸ್ಸಿಂದು ಹೇಳಾಕ ಬರೂದಿಲ್ಲ." ಇಡೀ ಬಸ್ಸು ನಕ್ಕಿತು. ಇದನ್ನು ಬಿಡಿಸಿ ನೋಡಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. 'ಇಲ್ಲ' ಎಂಬುದೂ ಅದರ ಜೊತೆ ಕಟ್ಟಕಡೆಗೆ ಬರುತ್ತದೆ. ವಾಕ್ಯ ಹೌದೆನ್ನುವುದೋ ಅಲ್ಲವೆನ್ನುವುದೋ ಎಂಬುದು ಕಡೆಯವರೆಗೂ ತಿಳಿಯುವುದಿಲ್ಲ. ಇಂಗ್ಲಿಷಿನಲ್ಲಿ ಇದೇ ಮಾತು ಹೇಳಿದರೆ ನಿಷೇಧ ಮೊದಲೇ ಹೊರಬಿದ್ದುಬಿಡುತ್ತದೆ. ಇಂಗ್ಲಿಷ್ ಜೋಕುಗಳನ್ನು ಮೊಬೈಲಿನಲ್ಲಿ ನೋಡಿ ಪದಕ್ಕೆ ಪದ ಕನ್ನಡಿಸಿ ಹೇಳುವ ಹುಡುಗರು ಈ ಸೌಲಭ್ಯವನ್ನು ಕೈಯಾರೆ ಬಿಟ್ಟುಕೊಡುತ್ತಾರೆ. ಇನ್ನು ಆ 'ರೀ'. ಎದುರಿನವನನ್ನು ಹಂಗಿಸುವಾಗಲೂ ಬಹುವಚನ ಬಿಡದಿರುವುದು ನಮ್ಮ ಸೀಮೆಯ ಮಾತಿನ ವಿಶೇಷ. "ನಿಮ್ಮ ತಲಿ ನೆಟ್ಟಗ ಐತಿಲ್ರೀ?" ಎಂದು ಅಷ್ಟು ಮರ್ಯಾದೆಯಿಂದ ಬೈಯುವವರು ಬೇರೆ ಕಡೆ ಕಡಿಮೆ.

ಗೋಡೆಗೆ ಹೇಳಿದ ಜೋಕು

ಈ ವೃತ್ತಿಗೆ ಬಂದ ಹೊಸತರಲ್ಲಿ ನಾನೊಂದು ತಪ್ಪು ಮಾಡಿದೆ. ಉತ್ತರ ಕರ್ನಾಟಕದ ಒಬ್ಬ ಹಾಸ್ಯ ಭಾಷಣಕಾರರನ್ನು ಸ್ಟುಡಿಯೋಕ್ಕೆ ಕರೆಸಿ, ಧ್ವನಿ ಶುದ್ಧವಾಗಿ ಬರಲಿ ಎಂದು ಎಲ್ಲರನ್ನೂ ಹೊರಗೆ ಕಳಿಸಿ ರೆಕಾರ್ಡಿಂಗ್ ಶುರು ಮಾಡಿದೆ. ಕ್ಯಾಮೆರಾದವರು ನಗುವಂತಿಲ್ಲ; ನಕ್ಕರೆ ಚಿತ್ರ ಅಲುಗುತ್ತದೆ. ಸಾವಿರ ಜನರನ್ನು ಕುಣಿಸುವ ಮನುಷ್ಯ ಹತ್ತು ನಿಮಿಷದಲ್ಲಿ ಬೆವತುಹೋದರು. ಮಾತು ಓಡತೊಡಗಿತು, ಧ್ವನಿ ಮೇಲೇರಿತು. ಕೊನೆಗೆ ನಿಲ್ಲಿಸಿ ಕೈಮುಗಿದರು: "ಸರ್, ಯಾರರ ನಾಕ ಮಂದೀನ ಕುಂಡರಸ್ರೆಪ್ಪಾ. ಗ್ವಾಡಿಗೆ ಎಷ್ಟಂತ ಹೇಳೂದು?" ಕ್ಯಾಂಟೀನಿನ ಹುಡುಗರು, ಡ್ರೈವರುಗಳು, ಮೇಕಪ್ ಮಾಡುವವರು ಹೀಗೆ ಸಿಕ್ಕಿದ ಹದಿನೈದು ಜನರನ್ನು ತಂದು ಕೂರಿಸಿದೆವು. ಅದೇ ಮಾತು, ಅದೇ ಮನುಷ್ಯ. ಈ ಸಲ ನಾಲ್ಕು ನಿಮಿಷ ಹೆಚ್ಚು ಹಿಡಿಯಿತು, ಏಕೆಂದರೆ ನಗುವಿಗೆ ಜಾಗ ಬಿಡಬೇಕಾಯಿತು. ಪ್ರಸಾರವಾದದ್ದು ಅದೇ.

ಇದರ ಕಾರಣ ನನಗೆ ಆಮೇಲೆ ಓದಿನಿಂದ ತಿಳಿಯಿತು. ಅಮೆರಿಕದ ನರವಿಜ್ಞಾನಿ ರಾಬರ್ಟ್ ಪ್ರೊವೈನ್ ನಗುವನ್ನು ಪ್ರಯೋಗಾಲಯದ ಹೊರಗೆ, ಅಂಗಡಿಗಳಲ್ಲಿ, ಬೀದಿಗಳಲ್ಲಿ ಅಧ್ಯಯನ ಮಾಡಿದರು. ಒಬ್ಬರೇ ಇದ್ದಾಗ ನಗುವುದಕ್ಕಿಂತ ಜೊತೆಯಲ್ಲಿ ಇದ್ದಾಗ ಜನ ಸುಮಾರು ಮೂವತ್ತು ಪಟ್ಟು ಹೆಚ್ಚು ನಗುತ್ತಾರೆಂದು ಅವರು ಕಂಡರು. ಇನ್ನೂ ಒಂದು ಸೋಜಿಗ: ಮಾತುಕತೆಯಲ್ಲಿ ಹುಟ್ಟುವ ನಗುವಿನಲ್ಲಿ ಜೋಕಿನಂಥ ಮಾತಿಗೆ ಹುಟ್ಟಿದ್ದು ನೂರಕ್ಕೆ ಹತ್ತು-ಇಪ್ಪತ್ತು ಮಾತ್ರ. ಉಳಿದದ್ದೆಲ್ಲ "ಬರ್ತೀನಪಾ", "ಆತು ಬಿಡು" ಎಂಬಂಥ ಸಾದಾ ಮಾತಿಗೆ. ನಗು ಮೂಲತಃ ಜೊತೆಗಾರಿಕೆಯ ಗುರುತು. ಅವರು ಅಳೆದಂತೆ 'ಹ' ಎಂಬ ಒಂದು ತುಣುಕು ಸುಮಾರು 75 ಮಿಲಿಸೆಕೆಂಡ್ ಇರುತ್ತದೆ, ಸುಮಾರು 210 ಮಿಲಿಸೆಕೆಂಡಿಗೊಮ್ಮೆ ಮರಳಿ ಬರುತ್ತದೆ. ರಾಮದುರ್ಗದ ನೇಕಾರನೂ ನ್ಯೂಯಾರ್ಕಿನ ವಕೀಲನೂ ಸರಿಸುಮಾರು ಒಂದೇ ಲಯದಲ್ಲಿ ನಗುತ್ತಾರೆ ಎನ್ನಿ.

ಅಮೆರಿಕದ ಟೆಲಿವಿಷನ್ನಿನವರಿಗೆ ಇದು ವಿಜ್ಞಾನಕ್ಕಿಂತ ಮೊದಲೇ ಗೊತ್ತಿತ್ತು. 1950ರ ದಶಕದಲ್ಲಿ ಚಾರ್ಲ್ಸ್ ಡಗ್ಲಸ್ ಎಂಬ ಧ್ವನಿ ಎಂಜಿನಿಯರ್ ರೆಕಾರ್ಡ್ ಮಾಡಿಟ್ಟ ನಗುವನ್ನು ಗುಂಡಿ ಒತ್ತಿ ಹೊರಡಿಸುವ ಪೆಟ್ಟಿಗೆಯನ್ನೇ ಕಟ್ಟಿದರು. ಧಾರಾವಾಹಿಗಳಲ್ಲಿ ಕೇಳುವ ಆ ಯಾರೂ ಇಲ್ಲದ ನಗು ಅಲ್ಲಿಂದ ಬಂದದ್ದು. ನನಗೆ ಅದು ಹಿಡಿಸುವುದಿಲ್ಲ, ಆದರೆ ಅದರ ಹಿಂದಿನ ಲೆಕ್ಕ ಸರಿಯಾಗಿದೆ.

ಈಗ ಪಾಡ್‌ಕಾಸ್ಟಿಗೆ ಬನ್ನಿ. ಹೆಸರು 2004ರಲ್ಲಿ ಚಲಾವಣೆಗೆ ಬಂತು. ವಸ್ತು ಮಾತ್ರ ಹಳೆಯದು, ಬೇಕೆಂದಾಗ ಕೇಳಬಹುದಾದ ರೇಡಿಯೋ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಇಂಟರ್ನೆಟ್ಟಿಗೆ ಏರಿಸಿದರೆ ಸಾಕು. ಕೇಳುವವನು ಎಲ್ಲಿರುತ್ತಾನೆ? ಕಿವಿಯಲ್ಲಿ ಇಯರ್‌ಫೋನ್ ಇಟ್ಟುಕೊಂಡು ಒಬ್ಬನೇ, ಹೊಲಕ್ಕೆ ಹೋಗುವ ದಾರಿಯಲ್ಲೋ ಬಸ್ಸಿನಲ್ಲೋ. ಒಬ್ಬನೇ ಇರುವವನು ಮೂವತ್ತು ಪಟ್ಟು ಕಡಿಮೆ ನಗುತ್ತಾನೆ. ವೇದಿಕೆಯ ಜೋಕು ಅಲ್ಲಿ ಉಪಯೋಗಕ್ಕೆ ಬಾರದು. ಆದ್ದರಿಂದಲೇ ಬಹಳಷ್ಟು ಪಾಡ್‌ಕಾಸ್ಟುಗಳಲ್ಲಿ ಇಬ್ಬರೋ ಮೂವರೋ ಕುಳಿತು ಮಾತನಾಡುತ್ತಾರೆ. ಕನ್ನಡದ 'ತಲೆ-ಹರಟೆ' ಕೂಡ ಹೆಸರಿಗೆ ತಕ್ಕಂತೆ ಗೆಳೆಯರ ಹರಟೆ. ಕೇಳುವವನು ಆ ಗುಂಪಿನಲ್ಲಿ ಮೂರನೆಯವನೋ ನಾಲ್ಕನೆಯವನೋ ಆಗಿ ಕುಳಿತುಬಿಡುತ್ತಾನೆ. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಆರಂಭವಾದ ಮೇಲೆ ನಮ್ಮ ಹಿರಿಯರೂ ಇದನ್ನೇ ಕಂಡುಕೊಂಡರು. ಅಲ್ಲಿ ಕೆಲಸ ಮಾಡಿದ ಎನ್. ಕೆ. ಕುಲಕರ್ಣಿಯವರು ಎನ್ಕೆ ಎಂಬ ಹೆಸರಿನಲ್ಲಿ ಹಾಸ್ಯ ಬರೆದವರು, ರೇಡಿಯೋಕ್ಕೆ ನಾಟಕ ಬರೆದವರು. ಭಾಗವತನಿಗೆ ದೂತಿ ಇದ್ದಂತೆ ಮೈಕಿನ ಮುಂದಿನ ಮಾತಿಗೂ "ಹೌದೇನು?" ಎನ್ನುವ ಇನ್ನೊಂದು ಧ್ವನಿ ಬೇಕು.

ಖರ್ಚಾಗುವ ಸರಕು

ಸವದತ್ತಿಯ ಹುಡುಗ ಇಲ್ಲಿ ಸ್ವಲ್ಪ ಗಮನವಿಟ್ಟು ಓದಬೇಕು.

ಹಾಡನ್ನು ನೂರು ಸಲ ಕೇಳಬಹುದು, ಕೇಳಿದಷ್ಟೂ ಹಿಡಿಸುತ್ತದೆ. ಜೋಕು ಎರಡನೆಯ ಸಲಕ್ಕೇ ಹಳಸುತ್ತದೆ. ಕೀರ್ತನಕಾರರು ಒಂದೇ ಉಪಕಥೆಯನ್ನು ಊರಿಂದ ಊರಿಗೆ ಒಯ್ದು ಇಪ್ಪತ್ತು ವರ್ಷ ಹೇಳಬಹುದಿತ್ತು. ಬೈಲಹೊಂಗಲದಲ್ಲಿ ಹೇಳಿದ್ದು ಕಿತ್ತೂರಿಗೆ ಗೊತ್ತಿರುತ್ತಿರಲಿಲ್ಲ. ಕ್ಯಾಸೆಟ್ ಬಂದಾಗ ಇದು ಬದಲಾಯಿತು. ಸಿ.ಡಿ., ಆಮೇಲೆ ಯೂಟ್ಯೂಬ್, ಈಗ ವಾಟ್ಸಾಪಿನ ಒಂದು ನಿಮಿಷದ ತುಣುಕು. ಶನಿವಾರ ರಾತ್ರಿ ಕಿತ್ತೂರಿನಲ್ಲಿ ಹೇಳಿದ್ದು ಭಾನುವಾರ ಮುಂಜಾನೆ ರಾಮದುರ್ಗದ ಚಹಾದ ಅಂಗಡಿಯಲ್ಲಿ ಇರುತ್ತದೆ. ಸೋಮವಾರ ಅಲ್ಲಿಗೇ ಕಾರ್ಯಕ್ರಮಕ್ಕೆ ಹೋದರೆ ಮುಂದಿನ ಸಾಲಿನ ಹುಡುಗರು ಜೋಕಿನ ಕೊನೆಯನ್ನು ತಾವೇ ಕೂಗಿ ಹೇಳುತ್ತಾರೆ. ಹೆಸರು ತಂದುಕೊಡುವ ರೆಕಾರ್ಡಿಂಗೇ ಸರಕನ್ನೂ ತಿಂದುಹಾಕುತ್ತದೆ.

ಇದಕ್ಕೆ ಹಿರಿಯರು ಕಂಡುಕೊಂಡ ದಾರಿಗಳಿವೆ. ಮಾಸ್ಟರ್ ಹಿರಣ್ಣಯ್ಯನವರು (1934–2019) 'ಲಂಚಾವತಾರ'ವನ್ನು ವರ್ಷಾನುಗಟ್ಟಲೆ ಆಡಿದರೂ ಮಾತನ್ನು ದಿನದ ಸುದ್ದಿಗೆ ತಕ್ಕಂತೆ ಬದಲಿಸುತ್ತಿದ್ದರು. ನಿನ್ನೆ ನೋಡಿದವನಿಗೂ ಇವತ್ತು ಹೊಸದಿರುತ್ತಿತ್ತು. ಇನ್ನೊಂದು ದಾರಿ ದೇಶಪಾಂಡೆಯವರದು. ಅವರ ಧ್ವನಿಮುದ್ರಣಗಳನ್ನು ಮರಾಠಿ ಮನೆಗಳಲ್ಲಿ ಮೂರು ತಲೆಮಾರು ಕೇಳಿದೆ, ಬಾಯಿಪಾಠ ಮಾಡಿದೆ, ಈಗಲೂ ನಗುತ್ತದೆ. ಏಕೆ ಹಳಸಲಿಲ್ಲ? ಅಲ್ಲಿ ಕೊನೆಗೆ ಬಿಚ್ಚುವ ಗಂಟು ಇಲ್ಲ. ಒಬ್ಬ ಮನುಷ್ಯ ಇದ್ದಾನೆ. ರಾವ್‌ಸಾಹೇಬರು ಮುಂದೆ ಏನು ಹೇಳುತ್ತಾರೆಂದು ಗೊತ್ತಿದ್ದೇ ಜನ ಕಾಯುತ್ತಾರೆ, ನಿಮ್ಮ ಮನೆಗೆ ಬರುವ ಮಾವನ ಹಳೆಯ ಮಾತಿಗೆ ನೀವು ಕಾಯುವ ಹಾಗೆ. ಬೀಚಿಯವರ ತಿಂಮನದೂ ಅದೇ ಗುಟ್ಟು.

ಆ ಮನುಷ್ಯ ಸಿಗುವುದು ಮಾತಿನಲ್ಲಿ, ಅದರಲ್ಲೂ ಅವನ ಊರಿನ ಮಾತಿನಲ್ಲಿ. ಇಲ್ಲಿ ನಮ್ಮ ಭಾಗದವರಿಗೆ ಒಂದು ಹಳೆಯ ನೋವಿದೆ. ಕನ್ನಡ ಸಿನಿಮಾಗಳಲ್ಲಿ ಉತ್ತರ ಕರ್ನಾಟಕದ ಮಾತು ಬಂದಾಗಲೆಲ್ಲ ಬಹುಪಾಲು ಅಡುಗೆಯವನ ಬಾಯಿಯಲ್ಲೋ ಪೆದ್ದನ ಬಾಯಿಯಲ್ಲೋ ಬಂತು. 'ಐತಿ' ಎಂದರೆ ಸಾಕು, ನಗಬೇಕು ಎಂಬ ಲೆಕ್ಕ. ಬೇರೆ ಊರಿನ ಹಾಸ್ಟೆಲಿಗೆ ಹೋದ ನಮ್ಮ ಹುಡುಗರು ಮೊದಲ ವಾರದಲ್ಲೇ ಮಾತು ಬದಲಿಸುವುದನ್ನು ನಾನು ಕಂಡಿದ್ದೇನೆ, ನಾನೂ ಬದಲಿಸಿದವನೇ. 2005ರಲ್ಲಿ ತೆರೆಕಂಡ 'ರಾಮ ಶಾಮ ಭಾಮ'ದಲ್ಲಿ ಕಮಲಹಾಸನ್ ಹುಬ್ಬಳ್ಳಿ-ಧಾರವಾಡದ ಮಾತು ಆಡಿದರು. ಆ ಮಾತನ್ನು ಬರೆದವರು ರಂಗಕರ್ಮಿ ಯಶವಂತ ಸರದೇಶಪಾಂಡೆ. 'ಆಲ್ ದಿ ಬೆಸ್ಟ್' ನಾಟಕದಿಂದ ಮನೆಮಾತಾದ ಅವರು 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ನಮ್ಮ ಮಾತಿನಲ್ಲಿ ನಗುವುದಕ್ಕೂ ನಮ್ಮ ಮಾತನ್ನು ನಗುವುದಕ್ಕೂ ಇರುವ ಅಂತರ ಅವರಿಗೆ ಚೆನ್ನಾಗಿ ಗೊತ್ತಿತ್ತು. ಗ್ಯಾದರಿಂಗಿನಲ್ಲಿ ನೀವು ನಿಂತಾಗ ನಿಮ್ಮನ್ನು ಕಾಡಬೇಕಾದ ಪ್ರಶ್ನೆಯೂ ಇದೇ. ಊರಿನ ಬಡವಿಯ ನಡಿಗೆ, ಜೋಗಪ್ಪನ ಸೀರೆ, ತೊದಲುವವನ ಮಾತು ಇವುಗಳಿಗೆ ಸುಲಭವಾಗಿ ನಗು ಬೀಳುತ್ತದೆ. ಹೆಂಡತಿಯ ಮೇಲಿನ ಜೋಕುಗಳಿಗೂ ಬೀಳುತ್ತದೆ, ಅವುಗಳಿಗೆ ನನ್ನ ಮಟ್ಟಿಗಂತೂ ಬೇಸರ ಬಂದು ಬಹಳ ವರ್ಷಗಳಾದವು. ಒಮ್ಮೆ ಸವದತ್ತಿ ಗುಡ್ಡಕ್ಕೆ ಹುಣ್ಣಿಮೆಯ ದಿನ ಹೋಗಿ, ಚೌಡಿಕೆ ಹಿಡಿದ ಜೋಗತಿಯರು ತಮ್ಮತಮ್ಮಲ್ಲಿ ಆಡುವ ಮಾತು ಕೇಳಿ ಬನ್ನಿ. ಅವರ ಮೇಲೆ ನಾವು ಮಾಡುವ ತಮಾಷೆಗಿಂತ ಅವರು ನಮ್ಮ ಮೇಲೆ ಮಾಡುವ ತಮಾಷೆ ಹರಿತವಾಗಿದೆ.

ಹೊಟ್ಟೆಪಾಡಿನ ವಿಚಾರ ಬೇಗ ಮುಗಿಸುತ್ತೇನೆ. ಇದು ಹಂಗಾಮಿನ ದುಡಿಮೆ. ಗಣೇಶ ಚೌತಿಯಿಂದ ರಾಜ್ಯೋತ್ಸವ ದಾಟುವವರೆಗೆ, ಆಮೇಲೆ ಜಾತ್ರೆಗಳು ಮತ್ತು ಕಾಲೇಜು ವಾರ್ಷಿಕೋತ್ಸವಗಳ ಕಾಲದಲ್ಲಿ ಕೆಲಸ. ಆಷಾಢದಲ್ಲಿ ಬಹುತೇಕ ಬಿಡುವು. 2020ರಲ್ಲಿ ಕೊರೊನಾ ಬಂದಾಗ ಎಲ್ಲ ವೇದಿಕೆಗಳೂ ಒಮ್ಮೆಲೇ ಮುಚ್ಚಿದವು. ಬರೆಯುವ ಅಥವಾ ರೆಕಾರ್ಡ್ ಮಾಡುವ ಅಭ್ಯಾಸ ಇದ್ದವರಿಗೆ ಉಸಿರಾಡಲು ಒಂದು ಕಿಂಡಿಯಾದರೂ ಉಳಿಯಿತು. ಬೀಚಿ ನೌಕರಿಯಲ್ಲಿದ್ದರು, ಕೃಷ್ಣೇಗೌಡರು ಪಾಠ ಹೇಳಿದರು, ಹನಿಗವನದ ಡುಂಡಿರಾಜ್ ಬ್ಯಾಂಕಿನಲ್ಲಿದ್ದರು. ಐ.ಟಿ.ಐ. ಸೇರು ಎಂದ ತಂದೆಯ ಮಾತನ್ನು ಈ ಬೆಳಕಿನಲ್ಲಿ ಇನ್ನೊಮ್ಮೆ ನೋಡಬಹುದು. ಬೀಚಿಯವರಿಗೆ ತಿಂಮನನ್ನು ಬರೆಯಲು ಕಚೇರಿ ಅಡ್ಡಿಯಾಗಲಿಲ್ಲ.

ಕಾನೂನಿನ ಒಂದು ಮಾತೂ ತಿಳಿದಿರಲಿ. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ಆದ ತಿದ್ದುಪಡಿ ಪ್ರದರ್ಶನಕಾರರಿಗೆ ತಮ್ಮ ಪ್ರದರ್ಶನದ ಮೇಲೆ ಹಕ್ಕು ಕೊಟ್ಟಿತು. ಪ್ರದರ್ಶನಕಾರ ಎಂದರೆ ಯಾರು ಎಂಬ ವಿವರಣೆಯಲ್ಲಿ ನಟ, ಗಾಯಕ, ಜಾದೂಗಾರ, ಹಾವಾಡಿಗ ಇವರ ಜೊತೆಗೇ ಉಪನ್ಯಾಸ ಕೊಡುವವನೂ ಇದ್ದಾನೆ. ಹಾಸ್ಯ ಭಾಷಣಕಾರ ಹಾವಾಡಿಗನ ಪಕ್ಕದಲ್ಲೇ ಕುಳಿತಿದ್ದಾನೆ, ಜಾಗ ಸರಿಯಾಗಿಯೇ ಇದೆ. ನಿಮ್ಮ ಒಪ್ಪಿಗೆಯಿಲ್ಲದೆ ನಿಮ್ಮ ಕಾರ್ಯಕ್ರಮವನ್ನು ರೆಕಾರ್ಡ್ ಮಾಡಿ ಮಾರುವಂತಿಲ್ಲ. ಸಂಭಾವನೆಯನ್ನೂ ರೆಕಾರ್ಡಿಂಗಿನ ವಿಷಯವನ್ನೂ ಮೊದಲೇ ಕಾಗದದ ಮೇಲೆ ಬರೆಸಿಕೊಳ್ಳಿ.

ಸವದತ್ತಿಯ ಹುಡುಗನಿಗೆ ನಾನು ಮರುಪತ್ರ ಬರೆದೆ. ಒಂದು ತಿಂಗಳು ಒಂದೂ ಜೋಕು ಬರೆಯಬೇಡ. ಮನೆಯಲ್ಲಿ, ಸಂತೆಯಲ್ಲಿ, ಬಸ್ಸಿನಲ್ಲಿ ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೆಯೇ ಬರೆದು ಕಳಿಸು ಎಂದೆ. ಕಳೆದ ವಾರ ಅವನ ಎರಡನೆಯ ಪತ್ರ ಬಂತು. ಅಜ್ಜಿಯನ್ನು ಕರೆದುಕೊಂಡು ಔಷಧದ ಅಂಗಡಿಗೆ ಹೋಗಿದ್ದನಂತೆ. ಅಂಗಡಿಯವರು ಚೀಟಿ ನೋಡಿ ಗುಳಿಗೆ ಕಟ್ಟಿಕೊಟ್ಟು, "ಆಯಿ, ಇವನ್ನ ಊಟ ಆದ ಮ್ಯಾಲೆ ತಗೋಬೇಕ್ರಿ" ಅಂದರು. ಅಜ್ಜಿ ಪೊಟ್ಟಣವನ್ನು ಸೆರಗಿಗೆ ಗಂಟು ಹಾಕಿಕೊಳ್ಳುತ್ತ ಕೇಳಿದಳು: "ಊಟಾನೂ ನೀನ ಕೊಡ್ತೀಯೇನೋ ತಮ್ಮಾ?"

ಅದರ ಕೆಳಗೆ ಹುಡುಗ ಬರೆದಿದ್ದಾನೆ: "ಅಂಗಡ್ಯಾಗಿನ ಮಂದಿ ಎಲ್ಲಾ ನಕ್ಕರ್ರಿ ಸರ್. ನನಗ ಮಾತ್ರ ನಗು ಬರಲಿಲ್ಲ. ಇದು ಹಾಸ್ಯದಾಗ ಬರತೈತೇನ್ರಿ?"